ಬೀಗ ಹಾಕಿದ ಮನೆಯ ಮಾತು

ಕೋರಮಂಡಲ್ ಚಿನ್ನದ ಗಣಿಯ ಕೂಲಿ ಲೈನುಗಳ ಸಾಲುಮನೆಗಳಲ್ಲಿ ಬಚ್ಚಪ್ಪನ ಹೆಂಡತಿ ಯಾರು ಎಂದು ಕೇಳಿದರೆ ಜನ ಯೋಚನೆ ಮಾಡುತ್ತಿದ್ದರು. ಮಜ್ಜಿಗೆ ಅಮ್ಮಾಜಮ್ಮ ಎಂದರೆ ಮಾತ್ರ ಥಟ್ಟನೆ ಮನೆ ತೋರಿಸುತ್ತಿದ್ದರು. ಲೈನಿನ ಹಿಂದೆ ಬಿದಿರು ತಟ್ಟಿ ಮರೆ ಮಾಡಿ ಅವಳು ಒಂದು ಎಮ್ಮೆ ಸಾಕಿಕೊಂಡಿದ್ದಳು. ಪಾಳಿ ಮುಗಿಸಿ ನೆಲದೊಳಗಿಂದ ಮೇಲೆ ಬರುವ ಗಂಡಸರ ಗಂಟಲು ಕಲ್ಲಿನ ಪುಡಿಯಿಂದ ಒಣಗಿರುತ್ತಿತ್ತು. ಅವಳು ತುಂಬಿ ಕೊಡುವ ಹಿತ್ತಾಳೆ ಲೋಟಕ್ಕೆ ಅವರು ಕೈ ಚಾಚಿಕೊಂಡೇ ಬರುತ್ತಿದ್ದರು.

ಅವಳು ಹುಟ್ಟಿದ್ದು ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ, ರಾಗಿ ಬೆಳೆಯುವವರ ಮನೆಯಲ್ಲಿ. ಬಚ್ಚಪ್ಪನೂ ಆ ಕಡೆಯವನೇ. ಹೊಲವನ್ನು ಅಣ್ಣಂದಿರಿಗೆ ಬಿಟ್ಟು ಗಣಿ ಸೇರಿ, ಬಂಡೆಗೆ ತೂತು ಕೊರೆಯುವ ಮಿಷನ್ ಹಿಡಿಯುತ್ತಿದ್ದ. ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಅಮ್ಮಾಜಮ್ಮನಿಗೆ ಇದ್ದ ಆಸೆ ಒಂದೇ: ಸಮುದ್ರ ನೋಡಬೇಕು. ಹೆಣ್ಣು ನೋಡಲು ಬಂದ ದಿನ ಬಚ್ಚಪ್ಪ ಏನೂ ತೋಚದೆ, "ಮದ್ರಾಸಿಗೆ ಕರ್ಕೊಂಡೋಗಿ ಸಮುದ್ರ ತೋರಿಸ್ತೀನಿ" ಎಂದುಬಿಟ್ಟಿದ್ದನಂತೆ. ಅವಳು ಅದನ್ನು ಮರೆಯಲಿಲ್ಲ. ಅವನಿಗೂ ಮರೆಯಲು ಬಿಡಲಿಲ್ಲ.

ಕೊನೆಗೆ ಅದು ಕೂಡಿ ಬಂದದ್ದು ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಯಲ್ಲಿ. ಬಚ್ಚಪ್ಪನ ಜೊತೆ ಅದೇ ಮಿಷನ್ ಹಿಡಿಯುತ್ತಿದ್ದ ಮುನಿಶಾಮಿ ತಮಿಳಿನವನು. ಅಮ್ಮಾಜಮ್ಮನನ್ನು ಬಾಯ್ತುಂಬ 'ಅಣ್ಣಿ', ಅತ್ತಿಗೆ, ಎಂದು ಕರೆಯುತ್ತಿದ್ದ. ಅವನ ಅಪ್ಪ ಪಕ್ಕದ ಮೈಸೂರು ಮೈನ್ಸ್ ಗಣಿಯಲ್ಲಿ ದುಡಿದು, ಎದೆ ಕೆಟ್ಟ ಮೇಲೆ ಮದ್ರಾಸಿನ ಬಂದರಿನ ಪಕ್ಕ, ರಾಯಪುರಂನಲ್ಲಿದ್ದ ಮಗಳು ಅಂಜಲೈಯ ಮನೆ ಸೇರಿದ್ದ.

"ನಮ್ಮಕ್ಕನ್ ಮನೆ ಐತಲ್ಲ ಅಣ್ಣಿ, ಶನಿವಾರ ಓಗಿ ಭಾನುವಾರ ಬಂದ್ಬಿಡಿ. ಮನೆ ಮುಂದ್ಗಡೆ ನಿಂತ್ರೆ ಸಮುದ್ರದ್ ಸದ್ದು ಕೇಳ್ತದೆ" ಎಂದ ಮುನಿಶಾಮಿ.

ಪಕ್ಕದ ಮನೆಯ ಚಿಕ್ಕವೆಂಕಟಮ್ಮನಿಗೆ ಎಮ್ಮೆ ನೋಡಿಕೊಳ್ಳಲು ಹೇಳಿ, ರಾಗಿ ಉಂಡೆ, ಹುರಿಗಡಲೆ ಗಂಟು ಕಟ್ಟಿಕೊಂಡು ಗಂಡ ಹೆಂಡತಿ ಹೊರಟರು.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೊದಲ ಬಾರಿಗೆ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಮದ್ರಾಸ್ ಕಡೆಯಿಂದ ಬಂದ ರೈಲು ಕಿಟಕಿಯಲ್ಲೂ ಜನ, ಬಾಗಿಲಲ್ಲೂ ಜನ ಜೋತುಬಿದ್ದು ನಿಂತಿತ್ತು. ಒಬ್ಬ ಹೆಂಗಸು ರುಬ್ಬುವ ಗುಂಡನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಯಾರೂ ಜಗಳವಾಡುತ್ತಿರಲಿಲ್ಲ, ಯಾರೂ ಕಾಫಿ ಕೂಗುತ್ತಿರಲಿಲ್ಲ. ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ಅಮ್ಮಾಜಮ್ಮ ಎಂದೂ ಕಂಡಿರಲಿಲ್ಲ. ಆ ಕಡೆಗೆ ಹೋಗುವ ರೈಲಿನಲ್ಲಿ ಮಾತ್ರ ಬೆಂಚುಗಳೆಲ್ಲ ಖಾಲಿ.

"ಜಪಾನೋರು ಬಾಂಬು ಆಕ್ತಾರಂತೆ. ಊರೆಲ್ಲ ಬಿಟ್ಟು ಓಡ್ ಬತ್ತಾ ಅವ್ರೆ. ನೀವು ಅತ್ಲಾಗೆ ಓಯ್ತಾ ಇದೀರಲ್ಲ?" ಎಂದ ಒಬ್ಬ ಹಮಾಲಿ.

ಬಚ್ಚಪ್ಪ ಗಂಟನ್ನು ಹೆಗಲಿನಿಂದ ಇಳಿಸಿದ. "ಬಾ, ವಾಪಸ್ ಓಗಾನ."

"ಬಾಂಬು ಬೀಳೋದಾದ್ರೆ ನಾವು ಓದ್ರೂ ಬೀಳ್ತದೆ, ಓಗ್ದಿದ್ರೂ ಬೀಳ್ತದೆ. ಇವತ್ ಬಿಟ್ರೆ ನೀನು ಇನ್ನ್ಯಾವತ್ತೂ ಕರ್ಕೊಂಡೋಗಲ್ಲ" ಎಂದು ಅಮ್ಮಾಜಮ್ಮ ಸೀರೆ ನೆರಿಗೆ ಎತ್ತಿ ಹಿಡಿದು ಹತ್ತಿಯೇಬಿಟ್ಟಳು.

ಬಿಸಾನತ್ತಂ ದಾಟಿದ ಮೇಲೆ ಮೈಸೂರು ಸೀಮೆ ಮುಗಿಯಿತು ಎಂದು ಬಚ್ಚಪ್ಪ ಹೇಳಿದ. ಕಿಟಕಿಯಾಚೆ ಅದೇ ಬಂಡೆ, ಅದೇ ಹುಣಸೆ ಮರ. ಎದುರಿನಿಂದ ಬರುವ ಒಂದೊಂದು ರೈಲೂ ತುಂಬಿ ತುಳುಕುತ್ತಿತ್ತು. ಅವರ ಡಬ್ಬಿಯಲ್ಲಿದ್ದ ಒಬ್ಬಿಬ್ಬರೂ ದಾರಿಯಲ್ಲಿ ಇಳಿದುಹೋದರು. ಅರಕ್ಕೋಣಂ ದಾಟುವ ಹೊತ್ತಿಗೆ ಆ ಉದ್ದನೆಯ ಡಬ್ಬಿಯಲ್ಲಿ ಅವರಿಬ್ಬರೇ ಉಳಿದಿದ್ದರು.

ಮದ್ರಾಸ್ ಸೆಂಟ್ರಲ್ಲಿನ ಒಳಗೆ ಜಾತ್ರೆಯಷ್ಟು ಜನ. ಎಲ್ಲರ ಮುಖವೂ ಇವರು ಇಳಿದ ರೈಲಿನ ಕಡೆಗೇ. ಆ ನೂಕುನುಗ್ಗಲಿನಲ್ಲಿ ಎದುರೀಜಿಕೊಂಡು ಹೊರಗೆ ಬಂದರೆ ಬಿಸಿಲು, ಅಗಲವಾದ ರಸ್ತೆ, ಟ್ರಾಮ್ ಓಡಾಡುವ ಕಂಬಿ. ಸ್ಟೇಷನ್ನಿನಿಂದ ಸ್ವಲ್ಪ ದೂರ ನಡೆದರೆ ಸಾಕು, ಮನುಷ್ಯರೇ ಇಲ್ಲ. ಅಂಗಡಿಗಳ ಹಲಗೆ ಹಾಕಿತ್ತು. ಮಹಡಿ ಮನೆಗಳ ಕಿಟಕಿಗಳು ಮುಚ್ಚಿದ್ದವು. ಒಂದು ಜಗಲಿಯ ಮೇಲೆ ಒಗೆದ ಪಂಚೆಯೊಂದು ಒಣಗಿ ಕಡ್ಡಿಯಾಗಿ ಹಗ್ಗದಲ್ಲಿ ತೂಗುತ್ತಿತ್ತು. ಬೀದಿಯ ನಲ್ಲಿಯೊಂದು ಸುರಿಯುತ್ತಲೇ ಇತ್ತು. ನೀರು ಚರಂಡಿಯಲ್ಲಿ ತುಂಬಿ ರಸ್ತೆಗೆ ಹರಿದಿತ್ತು. ಅಮ್ಮಾಜಮ್ಮ ಹೋಗಿ ಅದನ್ನು ತಿರುಗಿಸಿ ನಿಲ್ಲಿಸಿದಳು. ನಿಲ್ಲಿಸಿದ ಮೇಲೆ ಪಶ್ಚಾತ್ತಾಪವಾಯಿತು. ಆ ಬೀದಿಯಲ್ಲಿ ಇದ್ದ ಒಂದೇ ಸದ್ದು ಅದಾಗಿತ್ತು.

"ಮೆಲ್ಲಗೆ ನಡೆ" ಎಂದ ಬಚ್ಚಪ್ಪ, ಯಾರೋ ಮಲಗಿರುವ ಮನೆಯಲ್ಲಿ ನಡೆಯುವವನಂತೆ.

ದಾರಿ ಕೇಳಲು ಸಿಕ್ಕಿದ್ದು ಒಬ್ಬ ಮುದುಕ, ದೇವಸ್ಥಾನದ ಬಾಗಿಲಲ್ಲಿ ಕೂತಿದ್ದ. ಬರೀ ಕೈ ತೋರಿಸಿದ. ಮುನಿಶಾಮಿ ಹೇಳಿದ್ದ ಗುರುತುಗಳೆಲ್ಲ ಸರಿಯಾಗಿದ್ದವು: ಮೂಲೆಯಲ್ಲಿ ಇದ್ದಿಲು ಮಂಡಿ, ಪಕ್ಕದಲ್ಲಿ ಬೇವಿನ ಮರ, ನೀಲಿ ಬಾಗಿಲ ಹಂಚಿನ ಮನೆ. ಮುಂದೆ ಜಗಲಿ, ಅಂಗಳದಲ್ಲಿ ಅರ್ಧ ಅಳಿಸಿದ ರಂಗೋಲಿ. ಬಚ್ಚಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು ಬಾಗಿಲು ತಟ್ಟಿದ.

ಒಳಗಿನಿಂದ ಹೆಂಗಸಿನ ದನಿ ಕೇಳಿತು. "ಯಾರದು? ಉಳ್ಳೆ ವಾಂಗ." ಯಾರು, ಒಳಗೆ ಬನ್ನಿ ಎನ್ನುವ ಮಾತು ಅಮ್ಮಾಜಮ್ಮನಿಗೆ ತಿಳಿಯಿತು, ಲೈನಿನಲ್ಲಿ ದಿನವೂ ಕೇಳುವ ತಮಿಳೇ.

"ಸದ್ಯ, ಇವ್ರಾದ್ರೂ ಇದಾರೆ" ಎಂದು ಅವಳು ಗಂಟನ್ನು ಜಗಲಿಯ ಮೇಲಿಟ್ಟು ಉಸಿರು ಬಿಟ್ಟಳು.

ಬಾಗಿಲು ತೆರೆಯಲಿಲ್ಲ. ಬಚ್ಚಪ್ಪ ಮತ್ತೆ ತಟ್ಟಿದ. "ಸೆಲ್ವೀ... ಏ ಸೆಲ್ವೀ" ಎಂದು ಅದೇ ಹೆಂಗಸು ಯಾರನ್ನೋ ಕರೆದಳು. ಒಂದು ಹುಡುಗಿ ಕಿಲಕಿಲ ನಕ್ಕಳು. ಆಮೇಲೆ ಒಬ್ಬ ಮುದುಕ ಕೆಮ್ಮಲು ಶುರುಮಾಡಿದ. ಒಣ ಕೆಮ್ಮು, ಬಿಟ್ಟೂಬಿಡದೆ ಕೆಮ್ಮಿ, ಕೊನೆಗೆ ಗಾಳಿ ಎಳೆದುಕೊಳ್ಳುವಾಗ ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದಂಥ ಸಿಳ್ಳು.

"ಇದು ನಮ್ ಕೆಮ್ಮು ಕಣೇ. ಗಣಿ ಕೆಮ್ಮು. ಮುನಿಶಾಮಿ ಅಪ್ಪ ಇರ್ಬೇಕು" ಎಂದು ಬಚ್ಚಪ್ಪ ಬಾಗಿಲಿಗೆ ಬಾಯಿಟ್ಟು ಕೂಗಿದ. "ಯಜಮಾನ್ರೇ, ಕೋರಮಂಡಲಿಂದ ಬಂದಿದೀವಿ. ಮುನಿಶಾಮಿ ಕಳಿಸಿದ್ದು."

ಒಳಗೆ ಸದ್ದಡಗಿತು. ಆಗಲೇ ಅಮ್ಮಾಜಮ್ಮನ ಕಣ್ಣು ಚಿಲಕದ ಮೇಲೆ ಬಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಅಂಗೈಯಗಲದ ಬೀಗ.

"ಇಗಾ ನೋಡಿಲ್ಲಿ" ಎಂದಳು. ಬೆರಳು ತೋರಿಸಿದಳು.

ಒಳಗಿನ ಹೆಂಗಸು ಮತ್ತೆ, "ಉಳ್ಳೆ ವಾಂಗ" ಎಂದಳು. ಬಚ್ಚಪ್ಪ ಎರಡು ಹೆಜ್ಜೆ ಹಿಂದೆ ಸರಿದ. ನೆಲದೊಳಗೆ ಬಂಡೆ ಸಿಡಿದು ಜೊತೆಯವರ ಹೆಣ ಹೊತ್ತು ತಂದ ಮನುಷ್ಯ ಅವನು. ಅವನ ಮುಖ ಬಿಳಿಚಿದ್ದನ್ನು ನೋಡಿ ಅವಳು ಹೊರಟುಬಿಡಲು ಗಂಟಿಗೆ ಕೈ ಹಾಕಿದಳು. ಆದರೆ ಒಳಗೆ ಮಗುವಿನ ದನಿ ಕೇಳಿದ್ದಳಲ್ಲ. ಓಡುವ ಗಾಬರಿಯಲ್ಲಿ ಯಾರೋ ಮಗುವನ್ನೂ ಮುದುಕನನ್ನೂ ಒಳಗೇ ಬಿಟ್ಟು ಬೀಗ ಹಾಕಿರಬಹುದು. ಆ ಯೋಚನೆ ಬಂದದ್ದೇ ಅವಳು ಮನೆಯ ಪಕ್ಕದ ಓಣಿಗೆ ನುಗ್ಗಿದಳು. ಹಿತ್ತಲ ಗೋಡೆ ಎದೆಮಟ್ಟ. ಅದರ ಮೇಲಿಂದ ಇಣುಕಿದರೆ ಬಾವಿ, ಒಗೆಯುವ ಕಲ್ಲು, ಮುಚ್ಚಿದ ಹಿಂಬಾಗಿಲು. ಸೂರಿನ ಕೆಳಗೆ ಒಂದು ಪಂಜರ. ಪಂಜರದಲ್ಲಿ ಹಳದಿ ಕೊಕ್ಕಿನ ಕರೀ ಮೈನಾ, ಒಂಟಿ.

ಅದು ತಲೆ ಓರೆ ಮಾಡಿ ಅವಳನ್ನು ನೋಡಿತು. ಆಮೇಲೆ ಕೊಕ್ಕು ತೆರೆದು ಮುದುಕನಂತೆ ಕೆಮ್ಮಿತು.

ನಗಬೇಕಾದ ಸಂಗತಿ. ಹಿಂದೆಯೇ ಬಂದ ಬಚ್ಚಪ್ಪ ನಕ್ಕ ಕೂಡ. ಅಮ್ಮಾಜಮ್ಮನಿಗೆ ನಗು ಬರಲಿಲ್ಲ. ಬರೀ ಹಕ್ಕಿಯೆಂದು ಗೊತ್ತಾದ ಮೇಲೆ ಮನೆ ಇನ್ನಷ್ಟು ಖಾಲಿಯಾದಂತೆ ಕಂಡಿತು. ಗಂಡನ ಕೈ ಹಿಡಿದು ಗೋಡೆ ಹತ್ತಿ ಇಳಿದು, ಬಾವಿಯಿಂದ ನೀರು ಸೇದಿ ಒಣಗಿದ ಬಟ್ಟಲಿಗೆ ಹಾಕಿದಳು. ರಾಗಿ ಉಂಡೆ ಪುಡಿಮಾಡಿ ಕೊಟ್ಟಳು. ಅದು ಕುಡಿದದ್ದನ್ನು ನೋಡಿದರೆ ಗಂಟಲು ಒಣಗಿಸಿಕೊಂಡೇ ಅಷ್ಟೆಲ್ಲ ಮಾತಾಡಿತ್ತು ಎಂದು ತಿಳಿಯುತ್ತಿತ್ತು.

ಹೊತ್ತು ಇಳಿಯುವ ಮುಂಚೆ ಸಮುದ್ರಕ್ಕೆ ಹೋದರು. ಬಂದರಿನಲ್ಲಿ ಹಡಗುಗಳಿರಲಿಲ್ಲ, ಕಬ್ಬಿಣದ ಕ್ರೇನುಗಳು ಕತ್ತು ಚಾಚಿ ನಿಂತಿದ್ದವು. ಮೀನಿನವರ ಕಟ್ಟುಮರಗಳು ಮರಳಿನ ಮೇಲೆ ಬಿದ್ದಿದ್ದವು. ಅವಳು ಅಂದುಕೊಂಡದ್ದಕ್ಕಿಂತ ನೀರು ದೊಡ್ಡದಾಗಿತ್ತು, ಬಣ್ಣ ಮಾತ್ರ ಮಬ್ಬು. ಮೊದಲ ದೊಡ್ಡ ಅಲೆ ದಡಕ್ಕೆ ಅಪ್ಪಳಿಸಿ ನೆಲ ಅದುರಿದಾಗ ಅಮ್ಮಾಜಮ್ಮ ಬೆಚ್ಚಿ ಗಂಡನ ತೋಳು ಹಿಡಿದಳು. ಕೋರಮಂಡಲ್‌ನಲ್ಲಿ ಅಂಥ ಸದ್ದಾದರೆ ಕೆಳಗೆ ಬಂಡೆ ಸಿಡಿದಿದೆ ಎಂದೇ ಅರ್ಥ. ಹೆಂಗಸರೆಲ್ಲ ಇದ್ದಲ್ಲೇ ಕೆಲಸ ಬಿಟ್ಟು ಗಣಿ ಬಾಯಿಗೆ ಓಡುತ್ತಿದ್ದರು, ಯಾರ ಗಂಡ ಮೇಲೆ ಬರುತ್ತಾನೆ, ಯಾರ ಗಂಡ ಬರುವುದಿಲ್ಲ ಎಂದು ನೋಡಲು.

"ಅಲೆ ಕಣೇ ಅದು" ಎಂದ ಬಚ್ಚಪ್ಪ.

"ಗೊತ್ತು" ಎಂದಳು. ಆದರೂ ಒಂದೊಂದು ಅಲೆಗೂ ತಿರುಗಿ ಅವನು ಪಕ್ಕದಲ್ಲಿದ್ದಾನೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಅಷ್ಟು ವರ್ಷ ಕಾದು ನೋಡಿದ ಸಮುದ್ರದ ಮುಂದೆ ಅವಳು ನೋಡಿದ್ದು ಗಂಡನ ಮುಖವನ್ನೇ. ಕಾಲು ನೆನೆಸಿಕೊಂಡು ಬೇಗ ಹಿಂದಿರುಗಿದರು.

ಜಗಲಿಯ ಮೇಲೆ ಮಲಗಿ ಬೆಳಗು ಮಾಡಿದರು. ಬಿಟ್ಟು ಹೊರಟರೆ ಹಕ್ಕಿ ಸಾಯುತ್ತದೆ ಎಂದು ಅಮ್ಮಾಜಮ್ಮ ಪಂಜರ ಸೂರಿನಿಂದ ಇಳಿಸಿಕೊಂಡು ಸೀರೆ ಸೆರಗಿನಲ್ಲಿ ಮುಚ್ಚಿದಳು. ಸೆಂಟ್ರಲ್ ಹತ್ತಿರ ಬರುವಾಗ ಪಕ್ಕದ ಪಾರ್ಕಿನ ಕಡೆಯಿಂದ ಸಿಂಹ ಗರ್ಜಿಸಿತು. ಗುಂಡಿನ ಸದ್ದಾಯಿತು. ಗರ್ಜನೆ ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನಾವುದೋ ಪ್ರಾಣಿಯ ಕೂಗು, ಮತ್ತೆ ಗುಂಡು. ಬಾಂಬು ಬಿದ್ದು ಬೋನು ಒಡೆದರೆ ಊರೊಳಗೆ ನುಗ್ಯಾವು ಎಂದು ಮೃಗಾಲಯದ ಪ್ರಾಣಿಗಳನ್ನು ಕೊಲ್ಲುತ್ತಿದ್ದಾರೆ ಎಂದು ಸ್ಟೇಷನ್ನಿನ ಸೋಡಾ ಅಂಗಡಿಯವನು ಹೇಳಿದ. ಸೆರಗಿನ ಕೆಳಗೆ ಮೈನಾ ಪಂಜರದ ಕಡ್ಡಿಗೆ ಒತ್ತಿಕೊಂಡು ಕೂತಿತ್ತು. ಬಂಗಾರಪೇಟೆ ಬರುವವರೆಗೆ ಅದು ಒಂದು ಸೊಲ್ಲೂ ಎತ್ತಲಿಲ್ಲ.

ಕೋರಮಂಡಲ್‌ನಲ್ಲಿ ಮುನಿಶಾಮಿ ಹಕ್ಕಿಯನ್ನು ನೋಡಿ ಹಿಗ್ಗಿದ. ಅಕ್ಕನ ಮನೆಯವರು ಆರಣಿ ಹತ್ತಿರದ ತಮ್ಮ ಹಳ್ಳಿಗೆ ಓಡಿಹೋಗಿದ್ದರೆಂದು ಅವನಿಗೆ ಆಗಲೇ ಸುದ್ದಿ ಬಂದಿತ್ತು. ಪಾಳಿ ಮುಗಿಸಿ ಮನೆಗೆ ಹೋಗುವ ಮೊದಲು ಬಂದು ಪಂಜರದ ಮುಂದೆ ಕುಕ್ಕುರುಗಾಲಲ್ಲಿ ಕೂರುತ್ತಿದ್ದ. ಹಕ್ಕಿ ಅಂಜಲೈಯಂತೆ ಮಗಳನ್ನು ಕೂಗುತ್ತಿತ್ತು, ಸೆಲ್ವಿಯಂತೆ ನಗುತ್ತಿತ್ತು, ಕೆಮ್ಮುತ್ತಿತ್ತು. "ನಮ್ಮಪ್ಪನೇ ಅಣ್ಣಿ, ಅಚ್ಚು ನಮ್ಮಪ್ಪನೇ" ಎನ್ನುತ್ತಿದ್ದ.

ಮಳೆಗಾಲ ಹಿಡಿಯುವ ಮುಂಚೆ ಆರಣಿ ಕಡೆಯವನೊಬ್ಬ ಬಂದು, ಮುದುಕ ತೀರಿಕೊಂಡನೆಂದು ಹೇಳಿದ. ಮುನಿಶಾಮಿ ಊರಿಗೆ ಹೋಗಿ ಕರ್ಮ ಮುಗಿಸಿ ಬಂದ. ಬಂದ ದಿನ ಅಭ್ಯಾಸದಂತೆ ಅಮ್ಮಾಜಮ್ಮನ ಬಾಗಿಲಿಗೆ ಬಂದ. ಪಂಜರದೊಳಗಿಂದ ಅಪ್ಪ ಕೆಮ್ಮಿದ. ಕೆಮ್ಮಿ, ಸಿಳ್ಳು ಹಾಕುತ್ತ ಉಸಿರೆಳೆದುಕೊಂಡ. ಮುನಿಶಾಮಿ ಹೊಸಿಲು ದಾಟದೆ ಹಾಗೇ ಹಿಂದಕ್ಕೆ ನಡೆದುಬಿಟ್ಟ. ಅಂದಿನಿಂದ ಅವನು ಸುತ್ತು ಬಳಸಿ ಬೇರೆ ಓಣಿಯಲ್ಲಿ ಓಡಾಡಲು ಶುರುಮಾಡಿದ.

"ಸತ್ತೋನ್ ದನಿ ಮನೇಲಿಕ್ಕೊಂಡ್ರೆ ಒಳ್ಳೇದಾಗ್ತದಾ? ಬಿಟ್ಬಿಡೇ ಅದನ್ನ" ಎಂದಳು ಚಿಕ್ಕವೆಂಕಟಮ್ಮ. ಲೈನಿನ ಹೆಂಗಸರು ಮಕ್ಕಳನ್ನು ಆ ಕಡೆ ಕಳಿಸುವುದನ್ನು ನಿಲ್ಲಿಸಿದರು. ಪಂಜರದಲ್ಲಿ ಬೆಳೆದ ಹಕ್ಕಿ ಹೊರಗೆ ಬಿಟ್ಟರೆ ಬದುಕುವುದಿಲ್ಲ ಎಂದು ಅಮ್ಮಾಜಮ್ಮನಿಗೆ ಗೊತ್ತಿತ್ತು. ಹಳೇ ಸೀರೆ ಹೊದಿಸಿ ಜಗಲಿಯ ಮೂಲೆಗೆ ತೂಗುಹಾಕಿದಳು. ಕತ್ತಲು ಮಾಡಿದರೆ ಹಕ್ಕಿ ಸುಮ್ಮನಾಗುತ್ತದೆ ಎಂದು ಯಾರೋ ಹೇಳಿದ್ದರು.

ಸುಮ್ಮನಾಗಲಿಲ್ಲ. ದಿನವೂ ಬೆಳಗಿನ ಜಾವ ಅವಳು ಮೊಸರು ಕಡೆಯುವ ಹೊತ್ತಿಗೆ ಜಗಲಿಯಿಂದ ಆ ಕೆಮ್ಮು ಬರುತ್ತಿತ್ತು. "ಸುಮ್ಕಿರು" ಎಂದು ಒಳಗಿನಿಂದಲೇ ಗದರುತ್ತಿದ್ದಳು. ನಿಲ್ಲುತ್ತಿತ್ತು. ಮತ್ತೆ ಬರುತ್ತಿತ್ತು. ದಿನ ಕಳೆದಂತೆ ಅದು ಉದ್ದವಾಗುತ್ತಿದೆ ಅನ್ನಿಸುತ್ತಿತ್ತು. ಒಂದು ಸಲ ಕಡಗೋಲು ಬಿಟ್ಟು ಎದ್ದುಹೋಗಿ ನೋಡಿದಳು. ಬಚ್ಚಪ್ಪ ಪಂಜರದ ಕೆಳಗೆ ಕಂಬಳಿ ಹೊದ್ದು ಕೂತಿದ್ದ.

"ಇದೇನ್ ಇಂಗ್ ಕೆಮ್ತದೆ ಇವತ್ತು?" ಎಂದಳು.

"ಮುದ್ಕಪ್ಪಂಗೆ ಚಳಿ" ಎಂದು ಅವನು ನಗಾಡಿದ.

ಅವಳಿಗೆ ಭಯ ಹೊಕ್ಕಿತು. ಸತ್ತ ಮನುಷ್ಯನ ಕಾಯಿಲೆ ಹಕ್ಕಿಯೊಳಗಿದ್ದುಕೊಂಡು ಬಲಿಯುತ್ತಿದೆ ಅನ್ನಿಸಿತು. ದೀಪಾವಳಿಯ ಸುಮಾರಿಗೆ ಮದ್ರಾಸಿನ ಜನ ಊರಿಗೆ ಮರಳಿದ್ದಾರೆ, ಅಂಜಲೈಯೂ ರಾಯಪುರಂಗೆ ಬಂದಿದ್ದಾಳೆ ಎಂದು ತಿಳಿದ ಕೂಡಲೇ, ಹಕ್ಕಿಯನ್ನು ಅದರ ಮನೆಗೆ ಮುಟ್ಟಿಸಲೇಬೇಕೆಂದು ಹಟ ಹಿಡಿದಳು. ಬಚ್ಚಪ್ಪ ಬೇಡವೆಂದ. ಅವನು ಅಷ್ಟು ಗಟ್ಟಿಯಾಗಿ ಬೇಡವೆಂದದ್ದು ಅವಳಿಗೆ ವಿಚಿತ್ರವಾಗಿ ಕಂಡಿತು. ಕೊನೆಗೆ ಒಪ್ಪಿದ.

ಈ ಸಲ ರಾಯಪುರಂ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೈಗಾಡಿ, ಮೀನಿನ ಬುಟ್ಟಿ, ಬೈಗುಳ. ನೀಲಿ ಬಾಗಿಲು ತೆರೆದೇ ಇತ್ತು. ಅಂಜಲೈ ತೆಳ್ಳಗಿನ ಹೆಂಗಸು, ಹಣೆಯಲ್ಲಿ ವಿಭೂತಿ. ಅವಳು ನೀರು ತಂದು ಕೊಟ್ಟು, ಯಾರು ಎತ್ತ ಎಂದು ಕೇಳುತ್ತಿರುವಾಗಲೇ ಸೆರಗಿನ ಕೆಳಗಿಂದ ಕೆಮ್ಮು ಬಂತು.

"ಇದೋ ವಂದುಟ್ಟೇನ್ ಅಪ್ಪಾ" ಎಂದಳು ಅಂಜಲೈ. ಬಂದೆ ಅಪ್ಪಾ ಎಂದು ಹೇಳಿ ನೀರು ತರಲು ಅಡಿಗೆಮನೆಯ ಕಡೆ ಆಗಲೇ ಎರಡು ಹೆಜ್ಜೆ ಇಟ್ಟಿದ್ದಳು. ಅಲ್ಲೇ ನಿಂತುಬಿಟ್ಟಳು. ಮೆಲ್ಲಗೆ ತಿರುಗಿದಳು. ಅಮ್ಮಾಜಮ್ಮ ಸೆರಗು ತೆಗೆದು ಪಂಜರ ತೋರಿಸಿದಳು.

ಬೈಯುತ್ತಾಳೆ, ಹೊರಗೆ ಹಾಕು ಎನ್ನುತ್ತಾಳೆ ಎಂದುಕೊಂಡಿದ್ದಳು ಅಮ್ಮಾಜಮ್ಮ. ಅಂಜಲೈ ನೆಲಕ್ಕೆ ಕೂತು ಪಂಜರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಳು. ಹಕ್ಕಿ ಅವಳದೇ ದನಿಯಲ್ಲಿ ಸೆಲ್ವಿಯನ್ನು ಕೂಗಿತು. ಒಳಗಿನಿಂದ ನಿಜವಾದ ಸೆಲ್ವಿ, "ಏನಮ್ಮಾ?" ಎಂದು ಓಡಿಬಂದಳು.

ಅಂದೇ ಹೊರಟು ಕೋರಮಂಡಲ್ ಸೇರಿದರು. ಮಾರನೆಯ ಬೆಳಗಿನ ಜಾವ ಅಮ್ಮಾಜಮ್ಮ ಎಂದಿನಂತೆ ಕಡಗೋಲಿಗೆ ಹಗ್ಗ ಸುತ್ತಿದಳು. ಮೈ ಹಗುರವಾಗಿತ್ತು. ಜಗಲಿಯಿಂದ ಕೆಮ್ಮು ಬಂತು. ಬಿಟ್ಟೂಬಿಡದ ಒಣ ಕೆಮ್ಮು, ಕೊನೆಯಲ್ಲಿ ಸಿಳ್ಳು.

"ಸುಮ್ಕಿರು" ಎಂದಳು.

ಹೇಳಿದ ಮೇಲೆ ಅವಳ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ಎದ್ದು ಬಾಗಿಲಿಗೆ ಬಂದಳು. ಪಂಜರ ತೂಗುಹಾಕಿದ್ದ ಮೊಳೆ ಬೋಳಾಗಿತ್ತು. ಅದರ ಕೆಳಗೆ ಬಚ್ಚಪ್ಪ ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಬಗ್ಗಿ ಕೂತಿದ್ದ. ಬೆನ್ನು ಒಂದೇ ಸಮನೆ ಅದುರುತ್ತಿತ್ತು.

ಅವಳು ಪಕ್ಕದಲ್ಲಿ ಕೂತು ಬೆನ್ನು ನೀವಿದಳು. ಉಸಿರು ಹಿಡಿತಕ್ಕೆ ಬಂದ ಮೇಲೆ ಕೇಳಿದಳು. "ಯಾವಾಗ್ನಿಂದ?"

"ಮದ್ರಾಸಿಗ್ ಓಗೋಕ್ ಮುಂಚೆನೇ ಐತೆ."

"ನನ್ಗ್ಯಾಕ್ ಏಳ್ಲಿಲ್ಲ?"

"ಏಳಿದ್ರೆ ನೀನು ಅಳ್ತಿದ್ದೆ. ಅದು ಕೆಮ್ಮೋವಾಗ ಜೊತೇಲೇ ಕೆಮ್ಮಿ ಮುಗಿಸ್ಕೊಂಬಿಡ್ತಿದ್ದೆ. ನೀನು ಅದನ್ನ ಬೈತಿದ್ದೆ" ಎಂದ. ಬೋಳು ಮೊಳೆಯ ಕಡೆ ನೋಡುತ್ತ, "ಒಳ್ಳೇ ಜೊತೆ ಇತ್ತು" ಎಂದ.

ಅವಳು ಅಳಲಿಲ್ಲ. ಆ ವಾರವೇ ಅವನನ್ನು ಮಿಷನ್ ಕೆಲಸದಿಂದ ಬಿಡಿಸಿದಳು. ಎಮ್ಮೆ ಹೊಡೆದುಕೊಂಡು, ಪಾತ್ರೆ ಪಡಗ ಗಾಡಿಗೆ ಹೇರಿಕೊಂಡು ಬಂಗಾರಪೇಟೆ ಪಕ್ಕದ ಹಳ್ಳಿಗೆ ಬಂದರು. ಬಚ್ಚಪ್ಪನ ಅಣ್ಣಂದಿರು ಕೆರೆಯಂಚಿನ ತುಂಡು ಹೊಲ ಬಿಟ್ಟುಕೊಟ್ಟರು. ಅವಳು ಸ್ಟೇಷನ್ನಿನಲ್ಲಿ ಮಜ್ಜಿಗೆ ಮಾರತೊಡಗಿದಳು. ಬಯಲ ಗಾಳಿಗೆ ಬಚ್ಚಪ್ಪನ ಎದೆ ಸ್ವಲ್ಪ ತಡೆದುಕೊಂಡಿತು. ಬೇಲಿ ಕಟ್ಟುವಷ್ಟು, ಅವರೆಕಾಯಿ ಬಿಡಿಸುವಷ್ಟು ಶಕ್ತಿ ಉಳಿಯಿತು. ಯುದ್ಧ ಮುಗಿದ ಮರುವರ್ಷ, ಅವರೆಯ ಕಾಲದಲ್ಲೇ, ಮಟಮಟ ಮಧ್ಯಾಹ್ನ ಹೋಗಿಬಿಟ್ಟ. ಅವಳು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಹೊರಗೆ ಬಹಳ ಹೊತ್ತು ಸದ್ದಿಲ್ಲದ್ದು ತಿಳಿದೇ ಎದ್ದುಬಂದಳು.

ತಿಥಿ ಮುಗಿದ ಮೇಲೆ ಮುನಿಶಾಮಿ ಕೋರಮಂಡಲಿನಿಂದ ನೋಡಲು ಬಂದ. ಊಟ ಮಾಡಿ, ತಾಂಬೂಲ ಹಾಕಿಕೊಂಡು, ಏನೋ ಹೇಳಲು ಬಂದವನಂತೆ ಕೂತೇ ಇದ್ದ.

"ಏನ್ ಮುನಿಶಾಮಿ?"

"ಅಕ್ಕ ಏಳ್ ಕಳಿಸವ್ಳೆ ಅಣ್ಣಿ. ಆ ಮೈನಾ... ನಿಮ್ಮನೆಯಿಂದ ಓದಾಗ್ನಿಂದ ಎರಡು ಥರ ಕೆಮ್ತದಂತೆ. ಒಂದು ಅಪ್ಪಂದು. ಇನ್ನೊಂದು ಯಾರ್ದು ಅಂತ ಅವ್ಳಿಗೆ ಗೊತ್ತಾಗಿರ್ಲಿಲ್ಲ. ನಾನು ಓದ್ ತಿಂಗ್ಳು ಓಗಿ ಕಿವಿಯಾರೆ ಕೇಳ್ದೆ." ಅವನು ತಲೆ ತಗ್ಗಿಸಿದ. "ನನ್ಗೆ ಗೊತ್ತಾಯ್ತು."

ಅಮ್ಮಾಜಮ್ಮ ಎಂಜಲೆಲೆ ತೆಗೆದು ಎಮ್ಮೆಗೆ ಹಾಕಿ ಬಂದಳು. ಕೈ ತೊಳೆದುಕೊಂಡಳು.

"ಚೆನ್ನಾಗ್ ತಿಂತದಂತಾ?" ಎಂದು ಕೇಳಿದಳು.

"ತಿಂತದೆ."

ಆ ಶನಿವಾರ ಅವಳು ಎಮ್ಮೆಯನ್ನು ಭಾವನ ಮನೆಯಲ್ಲಿ ಕಟ್ಟಿ, ಚಿಕ್ಕ ಕುಡಿಕೆಯಲ್ಲಿ ಗಟ್ಟಿ ಮೊಸರು ತುಂಬಿ ಬಾಯಿಗೆ ಬಾಳೆ ಎಲೆ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದಳು. ಮಾರಲು ಬಂದಿದ್ದಾಳೆಂದು ದಿನದ ಗಿರಾಕಿಯೊಬ್ಬ ಲೋಟ ಚಾಚಿದ. "ಇವತ್ತಿಲ್ಲಪ್ಪ" ಎಂದು ಟಿಕೆಟ್ಟಿನ ಕಿಂಡಿಯ ಕಡೆ ನಡೆದಳು. ಮದ್ರಾಸಿನ ರೈಲು ತುಂಬಿತ್ತು. ಬಾಗಿಲ ಹತ್ತಿರ ನೆಲದ ಮೇಲೆ ಜಾಗ ಮಾಡಿಕೊಂಡು, ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.